ಎರಡು ಪೀಠಗಳಲ್ಲಿ ಕುಳಿತವರ ಮಾತು

2004ರ ಏಪ್ರಿಲ್ ತಿಂಗಳಲ್ಲಿ ಕರ್ನಾಟಕದ ಮತದಾರನು ಮತಗಟ್ಟೆಯನ್ನು ಹೊಕ್ಕಾಗ ಅವನ ಮುಂದೆ ಎರಡು ಯಂತ್ರಗಳಿದ್ದುವು. ಒಂದು ಲೋಕಸಭೆಗೆ, ಮತ್ತೊಂದು ವಿಧಾನಸಭೆಗೆ. ಬೆರಳಿಗೆ ಹಚ್ಚಿದ ಶಾಯಿ ಆರುವುದರೊಳಗೆ ಅವನು ಎರಡು ಗುಂಡಿಗಳನ್ನು ಒತ್ತಿ ಮನೆಗೆ ಮರಳಿದನು. ಎಣಿಕೆ ಮುಗಿದಾಗ ಲೋಕಸಭೆಯ 28 ಸ್ಥಾನಗಳಲ್ಲಿ 18 ಭಾರತೀಯ ಜನತಾ ಪಕ್ಷಕ್ಕೆ ಸಂದಿದ್ದುವು. ವಿಧಾನಸಭೆಯ 224 ಸ್ಥಾನಗಳಲ್ಲಿ ಅದೇ ಪಕ್ಷಕ್ಕೆ ದೊರೆತವು 79 ಮಾತ್ರ. ಇದಕ್ಕೆ ಇಪ್ಪತ್ತು ವರ್ಷ ಹಿಂದೆ, 1984ರ ಡಿಸೆಂಬರಿನಲ್ಲಿ, ಇದೇ ನಾಡು ಕಾಂಗ್ರೆಸ್ಸಿಗೆ 24 ಲೋಕಸಭಾ ಸ್ಥಾನಗಳನ್ನು ಕೊಟ್ಟಿತ್ತು. ಆ ಸೋಲನ್ನು ತನ್ನ ಸರ್ಕಾರದ ಮೇಲಿನ ಅವಿಶ್ವಾಸವೆಂದು ಭಾವಿಸಿ ರಾಜೀನಾಮೆಯಿತ್ತು ಮತ್ತೆ ಜನರ ಮುಂದೆ ನಿಂತ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ, ಮೂರು ತಿಂಗಳು ಕಳೆಯುವಷ್ಟರಲ್ಲಿ, 139 ವಿಧಾನಸಭಾ ಸ್ಥಾನಗಳನ್ನು ಕೊಟ್ಟು ಕಳಿಸಿತು. 2013ರಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸನ್ನು ಕೂರಿಸಿದವರು 2014ರಲ್ಲಿ ದಿಲ್ಲಿಗೆ ಬೇರೆಯವರನ್ನು ಕಳಿಸಿದರು. 2023ರಲ್ಲಿ ಕಾಂಗ್ರೆಸ್ಸಿಗೆ 135 ಶಾಸಕರನ್ನು ಕೊಟ್ಟವರು ಮರುವರ್ಷ 9 ಜನ ಸಂಸದರನ್ನಷ್ಟೇ ಕೊಟ್ಟರು.

ಈ ಅಂಕಿಗಳನ್ನು ಎತ್ತಿ ತೋರಿಸಿ ಕನ್ನಡಿಗ ಮತದಾರನು ಚಂಚಲಚಿತ್ತನೆಂದು ಆಕ್ಷೇಪಿಸುವವರುಂಟು. ನನಗೆ ಹಾಗೆ ತೋರದು. ರಾಜ್ಯದ ಆಡಳಿತಕ್ಕೆ ಒಬ್ಬರು, ದೇಶದ ಆಡಳಿತಕ್ಕೆ ಇನ್ನೊಬ್ಬರು ಎಂದು ವಿಂಗಡಿಸಿ ನೋಡಬಲ್ಲ ಬುದ್ಧಿ ಸಾಮಾನ್ಯವಾದುದಲ್ಲ. ನನ್ನ ಆಕ್ಷೇಪಣೆ ಬೇರೆಯದು. ವಿಧಾನಸಭೆಗೆ ಮತ ಹಾಕುವಾಗ ಪಡಿತರದ ಅಂಗಡಿ, ಊರ ರಸ್ತೆ, ಶಾಲೆ, ಪಂಪ್‌ಸೆಟ್ಟಿನ ಕರೆಂಟು ಇವೆಲ್ಲ ನಮ್ಮ ಕಣ್ಣಳತೆಯಲ್ಲೇ ಇರುವುದರಿಂದ ನಾವು ಒರೆಗೆ ಹಚ್ಚಿ ನೋಡುತ್ತೇವೆ. ಲೋಕಸಭೆಯ ವಿಷಯ ಬಂದೊಡನೆ ದೂರದ ದಿಲ್ಲಿಯಲ್ಲಿ ನಡೆಯುವುದನ್ನು ನೋಡುವ ಶ್ರಮವನ್ನೇ ಬಿಟ್ಟು, ಬ್ಯಾನರಿನ ಮೇಲಿನ ದೊಡ್ಡ ಮುಖವೊಂದನ್ನು ನೋಡಿ ನಿರ್ಣಯಕ್ಕೆ ಬರುತ್ತೇವೆ.

ನಾಯಕನ ಮುಖ ನೋಡಿ ಮತ ಹಾಕುವುದು ಸರ್ವಥಾ ತಪ್ಪೆಂದು ನಾನು ಹೇಳುತ್ತಿಲ್ಲ. ಯಾರು ಪ್ರಧಾನಿಯಾಗುವರೆಂಬುದು ಮೊದಲೇ ತಿಳಿದಿದ್ದರೆ ಮತದಾರನಿಗೆ ಒಂದು ಬಗೆಯ ನಿಶ್ಚಯವಿರುತ್ತದೆ. ಅದೂ ಒಂದು ಗುಣವೇ. ಆದರೆ ನಮ್ಮ ಸಂವಿಧಾನವು ಪ್ರಧಾನಿಯನ್ನು ಆರಿಸುವ ಅಧಿಕಾರವನ್ನು ನಮಗೆ ಕೊಟ್ಟಿಲ್ಲ. ಕೊಟ್ಟಿರುವುದು ಸದಸ್ಯನನ್ನು ಆರಿಸುವ ಅಧಿಕಾರವನ್ನು. 1996ರ ಬೇಸಗೆಯಲ್ಲಿ ಕರ್ನಾಟಕವು ಜನತಾದಳದ 16 ಜನರನ್ನು ಗೆಲ್ಲಿಸಿತು. ಆಗ ಮತಪತ್ರದ ಮೇಲೆ ಮುದ್ರೆಯೊತ್ತಿದವರಲ್ಲಿ ಒಬ್ಬನಾದರೂ, ಲೋಕಸಭೆಗೆ ಸ್ಪರ್ಧಿಸಿಯೂ ಇರದಿದ್ದ ತನ್ನ ಮುಖ್ಯಮಂತ್ರಿ ದೇವೇಗೌಡರು ಜೂನ್ ಹುಟ್ಟುವಷ್ಟರಲ್ಲಿ ಪ್ರಧಾನಿಯಾಗುವರೆಂದು ಎಣಿಸಿದ್ದನೆಂದರೆ ನಾನು ನಂಬಲಾರೆ. 2004ರಲ್ಲಿ ಮನಮೋಹನ ಸಿಂಗರ ಹೆಸರು ಹೇಳಿ ಮತ ಕೇಳಿದವರೂ ಇರಲಿಲ್ಲ.

ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ನಾಯಕನೊಬ್ಬನ ಯೋಗ್ಯತೆಯನ್ನು ಅವನ ವಾಗ್ಮಿತೆಯಿಂದಲೂ ದೈಹಿಕ ದಾರ್ಢ್ಯದಿಂದಲೂ ಅಳೆಯುವುದು ಸುಲಭ. ಅವನ ಪಕ್ಷದೊಳಗೆ ಅವನಿಗೆ ಎದುರಾಡಬಲ್ಲವರು ಯಾರಾದರೂ ಉಳಿದಿದ್ದಾರೆಯೆ ಎಂಬುದರಿಂದ ಅಳೆಯುವುದು ಕಷ್ಟ, ಆದರೆ ಹೆಚ್ಚು ಪ್ರಯೋಜನಕರ. ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಅಧಃಪತನದ ದಾರಿಯೆಂದು ಅಂಬೇಡ್ಕರರು 1949ರ ನವೆಂಬರಿನಲ್ಲಿ ಸಂವಿಧಾನಸಭೆಗೆ ಎಚ್ಚರಿಕೆ ಹೇಳಿದರು. ಇಪ್ಪತ್ತಾರು ವರ್ಷಗಳಲ್ಲಿ ಆ ಎಚ್ಚರಿಕೆ ದಿಟವಾಯಿತು. ತುರ್ತುಪರಿಸ್ಥಿತಿಯನ್ನು ಘೋಷಿಸಿದಾಗ ಕಾಂಗ್ರೆಸ್ಸಿನೊಳಗಿದ್ದ ಚಂದ್ರಶೇಖರರಂಥ ಕೆಲವರು ಸೆರೆಮನೆ ಸೇರಿದರು, ಉಳಿದವರು ತಲೆಯಾಡಿಸಿದರು. ಆಗಿನ ಲೋಕಸಭೆಯು ತನ್ನ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ತಾನೇ ಏರಿಸಿಕೊಂಡಿತು. 1977ರಲ್ಲಿ ಉತ್ತರಪ್ರದೇಶ, ಬಿಹಾರಗಳ ಜನ ಆ ಪಕ್ಷಕ್ಕೆ ಒಂದು ಸ್ಥಾನವನ್ನೂ ಕೊಡದಿದ್ದಾಗ ನಾವು ಕನ್ನಡಿಗರು 28ರಲ್ಲಿ 26ನ್ನು ಕೊಟ್ಟೆವು. ದೇವರಾಜ ಅರಸರು ಭೂಸುಧಾರಣೆಯಿಂದ ಗಳಿಸಿದ ಪುಣ್ಯವನ್ನು ದಿಲ್ಲಿಯ ಖಾತೆಗೆ ಜಮಾ ಮಾಡಿದೆವೆಂದು ಇದನ್ನು ವಿವರಿಸಬಹುದು, ಗೇಣಿದಾರನ ದೃಷ್ಟಿಯಿಂದ ಅದು ಕೃತಜ್ಞತೆಯೂ ಹೌದು. ಆದರೆ ಬಾಯಿ ಕಟ್ಟಿದವರನ್ನು ನಾವು ತೂಗಿ ನೋಡಿದೆವೆಂದು ಹೇಳಿಕೊಳ್ಳುವಂತಿಲ್ಲ. ಇಂದು ಒಂದು ಪಕ್ಷದಲ್ಲಿ ಒಬ್ಬ ವ್ಯಕ್ತಿಯ ಹೆಸರಿಲ್ಲದೆ ಗ್ರಾಮಪಂಚಾಯಿತಿಯ ಕರಪತ್ರವೂ ಅಚ್ಚಾಗದು. ಇನ್ನೊಂದರಲ್ಲಿ ಒಂದು ಕುಟುಂಬದ ಅನುಮತಿಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು. ನಮ್ಮ ಪ್ರಾದೇಶಿಕ ಪಕ್ಷದ ವಿಚಾರವನ್ನು ಹಾಸನದ ಕಡೆಯವರಿಗೆ ನಾನು ಹೇಳಬೇಕಾದುದಿಲ್ಲ.

ಹಾಗಾದರೆ ಪಕ್ಷವನ್ನು ಯಾವುದರಿಂದ ತೂಗಬೇಕು? ಪ್ರಣಾಳಿಕೆಯಿಂದ ಎಂಬ ಉತ್ತರ ಪುಸ್ತಕದ್ದು. ನನ್ನ ಅನುಭವದಲ್ಲಿ ಅದಕ್ಕಿಂತ ನಂಬಲರ್ಹವಾದ ಪರೀಕ್ಷೆಯೊಂದಿದೆ: ವಿರೋಧಪಕ್ಷದ ಪೀಠದಲ್ಲಿ ಕುಳಿತಾಗ ಒಂದು ಪಕ್ಷ ಏನು ಹೇಳಿತ್ತು, ಆಡಳಿತದ ಪೀಠಕ್ಕೆ ಸರಿದಮೇಲೆ ಅದರಲ್ಲಿ ಎಷ್ಟನ್ನು ಉಳಿಸಿಕೊಂಡಿತು ಎಂಬುದನ್ನು ಎದುರುಬದುರು ಇಟ್ಟು ನೋಡುವುದು. ಸರಕು ಮತ್ತು ಸೇವಾ ತೆರಿಗೆಯ ಕಥೆಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಅದರ ಸಂವಿಧಾನ ತಿದ್ದುಪಡಿ ವಿಧೇಯಕವನ್ನು ಮಂಡಿಸಿದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಅದನ್ನು ಬಲವಾಗಿ ವಿರೋಧಿಸಿದವುಗಳಲ್ಲಿ ಭಾಜಪದ ಆಳ್ವಿಕೆಯಲ್ಲಿದ್ದ ಗುಜರಾತ್ ಮೊದಲಾದ ರಾಜ್ಯಗಳಿದ್ದುವು. ಆರು ವರ್ಷಗಳ ಅನಂತರ, 2017ರ ಜೂನ್ 30ರ ನಡುರಾತ್ರಿ, ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಅದೇ ತೆರಿಗೆಗೆ ಉತ್ಸವ ನಡೆದಾಗ ಹಿಂದೆ ವಿರೋಧಿಸಿದವರು ವೇದಿಕೆಯ ಮೇಲಿದ್ದರು. ಹಿಂದೆ ವಿಧೇಯಕವನ್ನು ರಚಿಸಿದವರು ಬಹಿಷ್ಕಾರ ಹೂಡಿ ಹೊರಗಿದ್ದರು. ಆಧಾರ್ ಕಥೆಯೂ ಹಾಗೆಯೇ. ಅದನ್ನು ಕಟ್ಟಿ ನಿಲ್ಲಿಸಿದ ನಂದನ್ ನಿಲೇಕಣಿಯವರು 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಅನಂತಕುಮಾರರ ಎದುರು ಸೋತರು. ಆ ಪ್ರಚಾರದಲ್ಲಿ ಆಧಾರ್ ಟೀಕೆಗೆ ಗುರಿಯಾಗಿತ್ತು. ಟೀಕಿಸಿದವರೇ 2016ರಲ್ಲಿ ಅದಕ್ಕೆ ಕಾಯಿದೆ ಮಾಡಿದರು, ಅದೂ ರಾಜ್ಯಸಭೆಯ ತಿದ್ದುಪಡಿಗಳಿಗೆ ಕಟ್ಟುಬೀಳಬೇಕಿಲ್ಲದಂತೆ ಧನ ವಿಧೇಯಕದ ರೂಪದಲ್ಲಿ. ಉಚಿತ ಕೊಡುಗೆಗಳನ್ನು ‘ರೇವಡಿ’ಯೆಂದು ಹಳಿದವರು ಮಧ್ಯಪ್ರದೇಶದಲ್ಲಿ ಹೆಣ್ಣುಮಕ್ಕಳ ಖಾತೆಗೆ ತಿಂಗಳುಗಟ್ಟಲೆ ಹಣ ತುಂಬಿದರು, ಇಲ್ಲಿ ಮೊಳಗಿದ ‘ಗ್ಯಾರಂಟಿ’ ವರ್ಷ ತುಂಬುವುದರೊಳಗೆ ದಿಲ್ಲಿಯ ಬ್ಯಾನರುಗಳ ಮೇಲೆ ಬೇರೊಂದು ಹೆಸರಿನ ಪಕ್ಕದಲ್ಲಿ ಕಾಣಿಸಿಕೊಂಡಿತು.

ಅಭಿಪ್ರಾಯವನ್ನು ಬದಲಾಯಿಸುವುದು ಪಾಪವಲ್ಲ. ರಾಜ್ಯಭಾರದ ಹೊರೆ ಹೆಗಲೇರಿದಾಗ ಹಳೆಯ ಹಟ ಸಡಿಲಾಗುವುದು ವಿವೇಕದ ಲಕ್ಷಣವೂ ಆಗಬಹುದು. ಆದರೆ ಬದಲಾದುದಕ್ಕೆ ಕಾರಣವನ್ನು ಸದನದಲ್ಲಿ ನಿಂತು ಹೇಳಿದರೆ, ಅಥವಾ ಮೊದಲ ಮಾತನ್ನು ಆಡಿಯೇ ಇರಲಿಲ್ಲವೆಂಬಂತೆ ಮುಂದೆ ನಡೆದರೆ, ಎಂಬ ಭೇದವನ್ನು ಮತದಾರನು ಗಮನಿಸಬೇಡವೆ?

ಸದನವೆಂದೆ; ಆ ಸದನದ ಗತಿ ಏನಾಗಿದೆಯೆಂಬುದನ್ನೂ ನೋಡೋಣ. ಮೊದಲ ಲೋಕಸಭೆಯು ತನ್ನ ಅವಧಿಯಲ್ಲಿ 677 ದಿನ ಕಲಾಪ ನಡೆಸಿತು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ನಡೆಸಿದ್ದು 274 ದಿನ. ಮಹಾಮಾರಿಯ ಪಾಲನ್ನು ಕಳೆದರೂ ಲೆಕ್ಕ ಹೊಂದದು. ಉಪಸಭಾಧ್ಯಕ್ಷನೊಬ್ಬನನ್ನು ಆದಷ್ಟು ಬೇಗ ಆರಿಸಬೇಕೆಂದು ಸಂವಿಧಾನವೇ ವಿಧಿಸಿದ್ದರೂ ಐದು ವರ್ಷ ಆ ಪೀಠ ಬರಿದಾಗಿಯೇ ಇತ್ತು. 2010ರ ಚಳಿಗಾಲದ ಅಧಿವೇಶನವನ್ನು, ಜಂಟಿ ಸಂಸದೀಯ ಸಮಿತಿ ಬೇಕೆಂಬ ಬೇಡಿಕೆಯಿಂದ, ಹೆಚ್ಚುಕಡಮೆ ಪೂರ್ತಿಯಾಗಿ ಮುಳುಗಿಸಿ, ಕಲಾಪವನ್ನು ತಡೆಯುವುದೂ ವಿರೋಧಪಕ್ಷದ ನ್ಯಾಯವಾದ ಅಸ್ತ್ರವೆಂದು ವಾದಿಸಿದ್ದವರ ಆಡಳಿತದಲ್ಲಿಯೇ 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದರು. ಅತ್ತ, ಚರ್ಚೆ ಬೇಕೆಂದು ಇಂದು ಗೋಳಿಡುವ ಕಾಂಗ್ರೆಸ್ಸು ತಾನು ಆಳುತ್ತಿದ್ದಾಗ ವಿರೋಧಪಕ್ಷದ ರಾಜ್ಯಸರ್ಕಾರಗಳನ್ನು 356ನೆಯ ವಿಧಿಯ ಮೂಲಕ ಎಷ್ಟು ಸಲೀಸಾಗಿ ಕಿತ್ತೊಗೆಯುತ್ತಿತ್ತೆಂಬುದಕ್ಕೆ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯೇ ಸಾಕ್ಷಿ; ಸರ್ಕಾರಕ್ಕೆ ಬಹುಮತವಿದೆಯೆ ಇಲ್ಲವೆ ಎಂಬುದು ರಾಜಭವನದಲ್ಲಲ್ಲ, ಸದನದಲ್ಲಿಯೇ ತೀರ್ಮಾನವಾಗಬೇಕೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಯಿತು.

ಇನ್ನು ಅಭ್ಯರ್ಥಿ. ಅವನನ್ನು ತೂಗುವುದೇ ವ್ಯರ್ಥವೆಂಬ ವಾದ ಪ್ರಬಲವಾಗಿದೆ. 1985ರ ಪಕ್ಷಾಂತರ ನಿಷೇಧದ ಅನಂತರ ವಿಪ್ಪಿಗೆ ವಿರುದ್ಧವಾಗಿ ಕೈಯೆತ್ತಿದ ಸದಸ್ಯ ಸ್ಥಾನ ಕಳೆದುಕೊಳ್ಳಬೇಕಾದ್ದರಿಂದ, ಅವನು ವಿದ್ವಾಂಸನಾದರೇನು, ಮೂಢನಾದರೇನು, ಮತ ಬೀಳುವುದು ಪಕ್ಷ ಹೇಳಿದತ್ತಲೇ. ಈ ವಾದದಲ್ಲಿ ಅರ್ಧ ಸತ್ಯವಿದೆ. ಸ್ಥಾಯೀಸಮಿತಿಗಳಲ್ಲಿ, ಪ್ರಶ್ನೋತ್ತರದ ವೇಳೆಯಲ್ಲಿ ವಿಪ್ಪಿನ ಹಂಗಿಲ್ಲ. ಅಲ್ಲಿ ಓದಿಕೊಂಡು ಬಂದವನಿಗೂ ನಿದ್ದೆ ಮಾಡಲು ಬಂದವನಿಗೂ ವ್ಯತ್ಯಾಸ ಕಾಣುತ್ತದೆ. ಪಕ್ಷನಿಷ್ಠೆಯೂ ನಾವು ಭಾವಿಸಿದಷ್ಟು ಗಟ್ಟಿಯಾದುದಲ್ಲ. 2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರು ಅನರ್ಹರಾದರು. ಅವರಲ್ಲಿ 13 ಮಂದಿ ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಪಕ್ಷದ ಬಿ ಫಾರಂ ಹಿಡಿದು ನಿಂತರು, 11 ಮಂದಿ ಗೆದ್ದರು. ಆಪರೇಷನ್ ಕಮಲವೆಂದು ಬೈಯುವಾಗ ನಾವು ಪಕ್ಷವನ್ನು ಬೈಯುತ್ತೇವೆ; ಆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕಿದವರು ಮತದಾರರೆಂಬುದನ್ನು ನೆನೆಯುವುದಿಲ್ಲ.

ಅಭ್ಯರ್ಥಿಯನ್ನು ಅರಿಯಲು ಸಾಧನವಿಲ್ಲವೆಂಬ ನೆಪವೂ ಈಗ ಉಳಿದಿಲ್ಲ. ನಾಮಪತ್ರದೊಡನೆ ಸಲ್ಲಿಸುವ 26ನೆಯ ನಮೂನೆಯ ಪ್ರಮಾಣಪತ್ರವು ಚುನಾವಣಾಧಿಕಾರಿಯ ಕಚೇರಿಯ ಫಲಕದ ಮೇಲೂ, ಆಯೋಗದ ಜಾಲತಾಣದಲ್ಲೂ ಇರುತ್ತದೆ. ಅದನ್ನು ಒಮ್ಮೆ ನಿಧಾನವಾಗಿ ಓದಿ ನೋಡಿರಿ: ಯಾವ ಠಾಣೆಯಲ್ಲಿ ಯಾವ ಕಲಮಿನ ಪ್ರಕರಣ, ಐದು ವರ್ಷಗಳ ಆದಾಯ, ಹೆಂಡತಿಯ ಬಂಗಾರ ಎಷ್ಟು ಗ್ರಾಂ, ಕಾರಿಗೆ ಯಾವ ಬ್ಯಾಂಕಿನ ಸಾಲ, ಸರ್ಕಾರಿ ಮನೆಯ ನೀರಿನ ಬಿಲ್ಲು ಬಾಕಿಯುಂಟೆ, ಕಡೆಯಲ್ಲಿ ಓದಿದ್ದು ಎಲ್ಲಿಯತನಕ. ಹಿಂದಿನ ಚುನಾವಣೆಯ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡರೆ ಜನಸೇವೆಯು ಐದು ವರ್ಷಗಳಲ್ಲಿ ಯಾರ ಜಮೀನನ್ನು ಎಷ್ಟು ಎಕರೆ ಬೆಳೆಸಿತೆಂಬುದೂ ತಿಳಿಯುತ್ತದೆ. ಅಪರಾಧದ ಆರೋಪವಿದ್ದವನಿಗೆ ಟಿಕೆಟ್ ಕೊಟ್ಟರೆ ಕೊಟ್ಟದ್ದೇಕೆಂದು ಪಕ್ಷವು ಪ್ರಕಟಿಸಬೇಕು, ಗೆಲ್ಲುವ ಶಕ್ತಿಯೊಂದೇ ಕಾರಣವಾಗಕೂಡದು ಎಂದು 2020ರಲ್ಲಿ ನ್ಯಾಯಾಲಯ ಆಜ್ಞಾಪಿಸಿದೆ. ಚುನಾವಣಾ ವೆಚ್ಚದ ಮಾತನ್ನು ಎತ್ತದಿರುವುದೇ ಲೇಸು. ನಮ್ಮ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಗೆ 95 ಲಕ್ಷದ ಮಿತಿ, ಅವನ ಪಕ್ಷಕ್ಕೆ ಮಿತಿಯೇ ಇಲ್ಲ.

ರಾಷ್ಟ್ರೀಯ ಪಕ್ಷಗಳನ್ನು ಕನ್ನಡಿಗನು ಪರೀಕ್ಷಿಸಲು ಒಂದು ವಿಶೇಷ ಸ್ಥಳವಿದೆ. ಅದು ನದಿಯ ದಡ. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಭಾಜಪ ಸರ್ಕಾರವು ಕಾವೇರಿಗೆ ಮೇಕೆದಾಟು ಅಣೆಕಟ್ಟನ್ನು ಕಟ್ಟಿಯೇ ತೀರುವೆನೆನ್ನುತ್ತಿದ್ದಾಗ, ಅದೇ ಪಕ್ಷದ ತಮಿಳುನಾಡು ಘಟಕವು ತಂಜಾವೂರಿನಲ್ಲಿ ಅದರ ವಿರುದ್ಧ ಉಪವಾಸ ಕುಳಿತಿತ್ತು. 2022ರ ಜನವರಿಯಲ್ಲಿ ಕಾಂಗ್ರೆಸ್ ನಾಯಕರು ಅದೇ ಯೋಜನೆಗಾಗಿ ಸಂಗಮದಿಂದ ಪಾದಯಾತ್ರೆ ಹೊರಟರು. ಅವರ ಮಿತ್ರಪಕ್ಷವಾದ ದ್ರಮುಕ ಆಚೆಯ ದಡದಲ್ಲಿ ಅದನ್ನು ತಡೆಯುವ ಪಣ ತೊಟ್ಟಿತ್ತು. ಎರಡೂ ಪಕ್ಷಗಳ ದಿಲ್ಲಿಯ ವರಿಷ್ಠರು ಯಾವ ದಡದಲ್ಲಿ ನಿಂತಿದ್ದಾರೆಂದು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಹೇಳುವಂತೆ ಒತ್ತಾಯಿಸಬೇಕಾದವರು ನಾವು ಕಳಿಸುವ 28 ಜನ.

ಮುಂದಿನ ಸಲ ಆ ಸ್ಥಾನಗಳಿಗೆ ಹೊರಟವರು ಮನೆಯಂಗಳಕ್ಕೆ ಬಂದು ಕೈಮುಗಿದಾಗ ಬಸ್ ತಂಗುದಾಣವನ್ನೂ ಸಮುದಾಯಭವನವನ್ನೂ ಕೇಳುವ ಮೊದಲು ತೆರಿಗೆಯ ಪಾಲನ್ನು ಕುರಿತು ಕೇಳಬಹುದು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಹದಿನಾಲ್ಕನೆಯ ಹಣಕಾಸು ಆಯೋಗದ ಅವಧಿಯಲ್ಲಿ ಶೇ. 4.713 ಇದ್ದ ಕರ್ನಾಟಕದ ಭಾಗ, ಹದಿನೈದನೆಯದರ ಅವಧಿಯಲ್ಲಿ ಶೇ. 3.647ಕ್ಕೆ ಇಳಿಯಿತು, ಆ ನಷ್ಟಕ್ಕೆಂದು ಆಯೋಗ 2020-21ಕ್ಕೆ ಶಿಫಾರಸು ಮಾಡಿದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಬರಲಿಲ್ಲ. ಆಗ 28ರಲ್ಲಿ 25 ಸಂಸದರು ಆಳುವ ಪಕ್ಷದವರೇ ಆಗಿದ್ದರು. 2024ರಲ್ಲಿ ಇದಕ್ಕಾಗಿ ಜಂತರ್ ಮಂತರಿನಲ್ಲಿ ಕುಳಿತು ಕೂಗಿದ ಕಾಂಗ್ರೆಸ್ಸು ದೇಶವನ್ನಾಳಿದರೆ ಇದೇ ಸೂತ್ರವನ್ನು ಬದಲಿಸುವೆನೆಂದು ಬಿಹಾರದ ವೇದಿಕೆಯ ಮೇಲೂ ಹೇಳಬಲ್ಲುದೆ ಎಂಬುದನ್ನೂ ಕೇಳಬೇಕು. ಆಯೋಗ ಸ್ವತಂತ್ರ ಸಂಸ್ಥೆ, ನಮ್ಮ ಕೈಯಲ್ಲಿ ಏನಿದೆ ಎಂಬ ಉತ್ತರ ಬಂದೀತು. ಆಯೋಗ ಸ್ವತಂತ್ರವೇ, ಆದರೆ 2011ರ ಜನಗಣತಿಯನ್ನೇ ಆಧಾರವಾಗಿ ಹಿಡಿಯಬೇಕೆಂದು ಅದಕ್ಕೆ ಪರಿಶೀಲನಾಂಶಗಳನ್ನು ಬರೆದುಕೊಟ್ಟುದು 2017ರ ನವೆಂಬರಿನ ಕೇಂದ್ರ ಸರ್ಕಾರ, ಅದರ ವರದಿಯನ್ನು ಮುಂದಿಟ್ಟುದು ನಮ್ಮ ಸಂಸದರು ಕುಳಿತಿದ್ದ ಸದನದಲ್ಲಿ.