ಹುಟ್ಟಿನಿಂದಲೇ ಬಂದ ಪಾಲು

ಹಾನಗಲ್ಲಿನ ಒಂದು ಓಣಿಯಲ್ಲಿ ಕಳೆದ ಪಂಚಮಿಯ ಹೊತ್ತಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ತಮ್ಮ ಮಗಳ ಹುಟ್ಟುಹಬ್ಬ ಮಾಡಿದರು. ಮಗಳು ಸಣ್ಣವಳಲ್ಲ. ಹಿರೇಕೆರೂರ ಕಡೆ ಕೊಟ್ಟು ಹದಿನೈದು ವರ್ಷವಾಗಿದೆ, ಆಕೆಯ ಮಗನೇ ಹೈಸ್ಕೂಲಿಗೆ ಹೋಗುತ್ತಾನೆ. ಬೇಕರಿಯಿಂದ ಕೇಕು ಬಂದಿತ್ತು, ಮನೆಯಲ್ಲಿ ಶೇಂಗಾದ ಉಂಡಿ ಇದ್ದೇ ಇದ್ದವು. ಓಣಿಯ ಮಂದಿ ತಿಂದರು, ಹೊರಗೆ ಬಂದು ನಕ್ಕರು. "ಮುದುಕಗ ಅರಳು ಮರಳು. ನಲವತ್ತರ ಹತ್ರ ಬಂದಾಕಿಗೆ ಎಂಥಾ ಬರ್ತಡೇರಿ?" ಎಂದು ಒಬ್ಬರು ನನ್ನನ್ನೇ ಕೇಳಿದರು.

ನಗುವಂಥದ್ದು ಏನಿದೆ? ಶಾಲೆಯ ದಾಖಲೆಯಲ್ಲಿ ಆಕೆ ಹುಟ್ಟಿದ್ದು ಜೂನ್ 1. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಯಾವ ತಾಲೂಕಿಗೆ ಹೋದರೂ ಜೂನ್ 1ಕ್ಕೆ ಹುಟ್ಟಿದವರು ಸಿಗುತ್ತಾರೆ. ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗಲೆಂದು ಮಾಸ್ತರರು ಬರೆದುಕೊಂಡ ತಾರೀಖು ಅದು. ಜನನ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು ನಿಜ, ಚಾವಡಿಗೆ ಹೋಗಿ ಬರೆಸುವ ಪುರಸೊತ್ತು ಎಷ್ಟು ಮಂದಿಗಿತ್ತು? ಅದರಲ್ಲೂ ಹೆಣ್ಣು ಕೂಸು! ಈ ಹಿರಿಯರು ಮಾತ್ರ ಮರೆತಿಲ್ಲ. "ಪಂಚಮಿ ಮರುದಿನರೀ. ಹುಣಸಿ ಗಿಡಕ್ಕ ಜೋಕಾಲಿ ಕಟ್ಟಾಕ ಹತ್ತಿದ್ದೆ, ಒಳಗಿಂದ ಕೂಸು ಅತ್ತದ್ದು ಕೇಳಿಸ್ತು" ಎಂದರು.

ಕೇಕು ಕೊಯ್ಯುವಾಗ ಗಂಡುಮಕ್ಕಳಿಬ್ಬರೂ ಮುಖ ಗಂಟುಹಾಕಿಕೊಂಡು ಗೋಡೆಗೆ ಆತು ನಿಂತಿದ್ದರು. ಕಾರಣ ಓಣಿಗೆಲ್ಲ ಗೊತ್ತು. ಹಿರಿಯರಿಂದ ಬಂದ ಮಾವಿನ ತೋಟದ ವಾಟ್ನಿ ಆಗಬೇಕು. ತಂಗಿ 'ಹಕ್ಕು ಬಿಟ್ಟೆ' ಎಂದು ಸಹಿ ಹಾಕಲಿ ಎಂಬುದು ಅವರ ಬಯಕೆ. ಅಪ್ಪ "ಆಕೀ ಪಾಲು ಆಕೀಗೆ" ಎಂದು ಪಟ್ಟು ಹಿಡಿದಿದ್ದಾರೆ.

ಕಾನೂನು ಅಪ್ಪನ ಕಡೆಗಿದೆ. ಕರ್ನಾಟಕದ 1994ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು, ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವೂ ಹೋಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಬೇಕೆಂದಿಲ್ಲ ಎಂದು ಹೇಳಿತು. ಹುಟ್ಟಿನಿಂದಲೇ! ಅಂದ ಮೇಲೆ ಮಗಳ ಹುಟ್ಟಿದ ದಿನ ನೆನಪಿಟ್ಟ ಅಪ್ಪ ಬರೀ ಮೇಣಬತ್ತಿ ಹಚ್ಚಿದ್ದಲ್ಲ. (ಸ್ವಂತ ಗಳಿಕೆಯ ಮಾತು ಬೇರೆ. ಅದನ್ನು ಅಪ್ಪ ಬೇಕಾದವರಿಗೆ ಬರೆದಿಡಬಹುದು.)

"ಮದುವಿಗೆ ಖರ್ಚು ಮಾಡೇವಲ್ಲ" ಎನ್ನುತ್ತಾರೆ ಅಣ್ಣಂದಿರು. ಆ ಹಣ ಹೋದದ್ದು ಬೀಗರ ಕೈಗೆ, ಮಂಟಪಕ್ಕೆ, ಊಟಕ್ಕೆ. ಆಕೆಯ ಹೆಸರಿನ ಉತಾರ ಎಲ್ಲಿದೆ ತೋರಿಸಿರಿ ನೋಡೋಣ.

ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕೂತು ನೋಡಿರಿ. ಅಕ್ಕತಂಗಿಯರನ್ನು ಯಾರೂ ಬೆದರಿಸುವುದಿಲ್ಲ. ಒಂದು ಸೀರೆ, ಖಾನಾವಳಿಯ ಊಟ, ಬಸ್ಸು ಹೇಗೂ ಪುಕ್ಕಟೆ. ಸಹಿ ಹಾಕದಿದ್ದರೆ ಬರುವ ಪಂಚಮಿಗೆ ಕರೆಯಲು ಯಾರು ಬಂದಾರು ಎಂಬ ಅಂಜಿಕೆಯೇ ಸಾಕು. ತವರಿನ ಬಾಗಿಲು ಮುಚ್ಚದಿರಲಿ ಎಂದು ಆಕೆ ಹೊಲ ಬಿಡುತ್ತಾಳೆ. ಪತ್ರದಲ್ಲಿ ಮಾತ್ರ 'ಸ್ವಸಂತೋಷದಿಂದ' ಎಂದು ಬರೆದಿರುತ್ತದೆ.

ಇಷ್ಟೆಲ್ಲ ಬರೆಯುವ ನಾನೇನು ಸಾಚಾ ಅಲ್ಲ. ಎಂಟು ವರ್ಷದ ಹಿಂದೆ ನನ್ನ ಅಕ್ಕ ಅಂಥದೇ ಕಾಗದಕ್ಕೆ ಸಹಿ ಹಾಕಿದಳು. ಓದಿ ಹೇಳಿದವನು ನಾನು, ಪೆನ್ನೂ ನನ್ನದೇ. ಒಂದು ಇಲಕಲ್ಲ ಸೀರೆ ಕೊಟ್ಟೆವು. ಹಾನಗಲ್ಲದಿಂದ ಬಂದ ರಾತ್ರಿ ಟ್ರಂಕಿನಿಂದ ಆ ಕಾಗದ ತೆಗೆದೆ. ಅಕ್ಕ ಹುಟ್ಟಿದ ದಿನ ಯಾವುದೆಂದರೆ ಜೂನ್ 1ರ ಹೊರತು ನನಗೂ ಏನೂ ಗೊತ್ತಿಲ್ಲ. ಫೋನು ಹಚ್ಚಿ ಆಕೆಯನ್ನೇ ಕೇಳಿದೆ.

"ಯಾಕೋ, ಮತ್ತೊಂದು ಸಹಿ ಬೇಕಾಗೇತೇನು?" ಅಂದಳು.