ನಗೆ ಎರವಲಲ್ಲ

ತುಳು ನಾಟಕದ ಹಾಸ್ಯ ಸಿನಿಮಾದಿಂದ ತಂದ ಎರವಲು, ಗಂಭೀರ ರಂಗಭೂಮಿಯನ್ನು ಕೆಡಿಸಿದ್ದೇ ಅದು ಎಂಬುದು ಇತ್ತೀಚಿನ ಲೇಖನವೊಂದರ ವಾದ. ಶಿರ್ತಾಡಿ ಸುತ್ತಿನ ಯಕ್ಷಗಾನ ಬಯಲಾಟಗಳಲ್ಲಿ ರಾತ್ರಿ ಕಳೆದವರು ಇದನ್ನು ಒಪ್ಪಲಾರರು.

ಸಂಸ್ಕೃತ ನಾಟಕದಲ್ಲೇ ವಿದೂಷಕನಿದ್ದ. ಯಕ್ಷಗಾನ ಮೇಳದಲ್ಲಂತೂ ಹಾಸ್ಯಗಾರನಿಗೆ ಪ್ರತ್ಯೇಕ ಸ್ಥಾನವೇ ಇದೆ. ಕೃಷ್ಣಲೀಲೆಯ ಅಗಸ, ನಳ ಚರಿತ್ರೆಯ ಬಾಹುಕ ಸಿನಿಮಾ ನೋಡಿ ಹುಟ್ಟಿದವರೇ? ಮೂಡುಬಿದಿರೆ ಸೀಮೆಯ ಮಿಜಾರು ಅಣ್ಣಪ್ಪನವರು ಯಕ್ಷಗಾನದ ತೆಂಕುತಿಟ್ಟಿನಲ್ಲಿ ಹೆಸರಾದದ್ದೇ ಹಾಸ್ಯದಿಂದ. ಇನ್ನು ಎರವಲಿನ ಲೆಕ್ಕ ತಿರುವುಮುರುವಾಗಿದೆ: ತುಳುವಿನ ‘ಒರಿಯರ್ದೊರಿ ಅಸಲ್’ ಮೊದಲು ನಾಟಕ, 2011ರಲ್ಲಿ ಸಿನಿಮಾ.

ಕೆಲವು ನಾಟಕಗಳಲ್ಲಿ ದ್ವಂದ್ವಾರ್ಥ ಅತಿಯಾಗಿದೆ, ನಿಜ. ಅದು ಬರೆಯುವವರ ಸೋಮಾರಿತನ, ಪ್ರಕಾರದ ದೋಷವಲ್ಲ. ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ನಗಿಸುತ್ತಲೇ ಪುಸ್ತಕದ ಓದಿನ ಪೊಳ್ಳುತನವನ್ನು ಕುಟುಕಿದರಲ್ಲ! ಆ ಲೇಖನ ಬರೆದವರು ದೂರಬೇಕಿದ್ದದ್ದು ಕಳಪೆ ಬರವಣಿಗೆಯನ್ನು, ಹಾಸ್ಯವನ್ನಲ್ಲ.