ತುಂಗೆಯ ತಪ್ಪಲಿಗೆ ಹೊಸ ಟ್ರ್ಯಾಕ್ ಬೇಡ, ಹಳೆಯ ಬಂಡಿದಾರಿ ಸಾಕು

ಏಷ್ಯಾ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ 2023ರ ಅಕ್ಟೋಬರ್‌ನಲ್ಲಿ ನಡೆದದ್ದು ನಮ್ಮ ಪಕ್ಕದಲ್ಲೇ, ಕೇರಳದ ಪೊನ್ಮುಡಿಯಲ್ಲಿ. ಪಶ್ಚಿಮ ಘಟ್ಟದ ತೋಟಗಳ ನಡುವೆ ಖಂಡಮಟ್ಟದ ಸ್ಪರ್ಧೆ ನಡೆಸಿ ತೋರಿಸಿದ ಮೇಲೆ, ಅವರಿಗೆ ಆದದ್ದು ನಮಗೇಕೆ ಆಗದು ಎಂಬ ಪ್ರಶ್ನೆ ಮಲೆನಾಡಿನಲ್ಲಿ ಏಳುವುದು ಸಹಜ. ಪ್ರಶ್ನೆ ಸರಿ. ಆದರೆ ನಮ್ಮಲ್ಲಿ ಇಂಥ ಪ್ರಶ್ನೆಗೆ ಸಿಗುವ ಉತ್ತರ ಯಾವಾಗಲೂ ಒಂದೇ: ಯೋಜನಾ ವರದಿ, ಗುದ್ದಲಿ ಪೂಜೆ, ಬೆಟ್ಟದ ಬುಡದಲ್ಲಿ ಜೆಸಿಬಿ, ತುದಿಯಲ್ಲೊಂದು ವೀಕ್ಷಣಾ ಗೋಪುರ. ಮಲೆನಾಡಿನ ಹೊಳೆ ಸೀಮೆಗೆ ಸೈಕಲ್ ಬರಬೇಕೆಂಬುದು ನನ್ನ ಆಸೆಯೂ ಹೌದು. ಅದಕ್ಕಾಗಿ ಒಂದು ಮೀಟರ್ ಹೊಸ ದಾರಿಯನ್ನೂ ಕಡಿಯಬೇಕಾಗಿಲ್ಲ ಎಂಬುದು ನನ್ನ ವಾದ.

ತುಂಗೆಯ ಕಣಿವೆಯನ್ನೇ ನೋಡಿ. ಗಂಗಾಮೂಲದಲ್ಲಿ ಹುಟ್ಟಿದ ಹೊಳೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ, ಮಂಡಗದ್ದೆ ದಾಟಿ ಗಾಜನೂರಿಗೆ ಬರುವಷ್ಟರಲ್ಲಿ ಅದೆಷ್ಟು ಹಳ್ಳಗಳನ್ನು ಸೇರಿಸಿಕೊಳ್ಳುತ್ತದೆ! ಆ ಒಂದೊಂದು ಹಳ್ಳದ ಬದಿಗೂ ಒಂದು ದಾರಿಯಿದೆ. ಟಾರು ರಸ್ತೆ ಬರುವ ಮೊದಲು ಅಡಿಕೆ, ಮೆಣಸು, ಭತ್ತ ಎಲ್ಲವೂ ಹೋಗುತ್ತಿದ್ದದ್ದು ಈ ಬಂಡಿದಾರಿಗಳಲ್ಲೇ. ಈಗ ಅವುಗಳಲ್ಲಿ ಕೆಲವು ತೋಟದ ಜೀಪು ಓಡಾಡುವ ಮಣ್ಣುರಸ್ತೆಗಳಾಗಿವೆ, ಕೆಲವು ಲಂಟಾನ ಬೆಳೆದು ಮುಚ್ಚಿಹೋಗಿವೆ, ಕೆಲವು ಬೇಲಿಯ ಒಳಗೆ ಸೇರಿಕೊಂಡಿವೆ. ಸೈಕಲ್ಲೂ ಈ ಸೀಮೆಗೆ ಹೊಸಬನಲ್ಲ. ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲನ್ನು ಹಳ್ಳಿಗರು ಬೆರಗಾಗಿ ನೋಡುತ್ತಾರೆ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಕಥೆ.

ಇಂದಿನ ಪ್ರವಾಸಿಗೆ ಮಾತ್ರ ಕಣಿವೆ ಕಾಣುವುದಿಲ್ಲ, ಶಿಖರ ಬೇಕು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ಮೇಲೆ ಸಂತೆಯಂತೆ ಜನ ಸೇರಿದ ಚಿತ್ರಗಳು ಹರಿದಾಡಿದವು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ತಡೆಹಿಡಿಯಿತು. ಮುಳ್ಳಯ್ಯನಗಿರಿಯ ವಾಹನಗಳ ಸಾಲು ಪ್ರತಿ ರಜೆಯಲ್ಲೂ ಸುದ್ದಿ. ಎಲ್ಲರೂ ಒಂದೇ ತುದಿಗೆ ಹೋಗಿ, ಅಲ್ಲೊಂದು ಫೋಟೊ ತೆಗೆದು, ಬಂದ ದಾರಿಯಲ್ಲೇ ಇಳಿಯುವ ಪ್ರವಾಸ ಇದು. ಸೈಕಲ್ ಸವಾರನಿಗೆ ತುದಿಯ ಹಂಗಿಲ್ಲ. ಊರಿಂದ ಊರಿಗೆ, ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಹೋಗುವುದೇ ಅವನ ಕೆಲಸ. ದಿನಕ್ಕೆ ಮೂವತ್ತು ಕಿಲೊಮೀಟರ್ ಏರಿಳಿದವನಿಗೆ ಎರಡು ಗಂಟೆಗೊಮ್ಮೆ ಹಸಿವಾಗುತ್ತದೆ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನ ಬನ್ಸು, ಅವಲಕ್ಕಿ, ಮಜ್ಜಿಗೆ ಅವನಿಗೆ ಬೇಕೇ ಬೇಕು. ಪ್ಯಾಕೇಜಿನಲ್ಲಿ ಬರುವವನ ಹಣ ಹೋಮ್‌ಸ್ಟೇಯ ಗೇಟಿನಾಚೆ ಹರಿಯುವುದು ಅಪರೂಪ.

ಇನ್ನು ಮಣ್ಣು ಮತ್ತು ನೀರಿನ ವಿಚಾರ. ಮೌಂಟನ್ ಬೈಕ್ ದಾರಿಯ ಶಾಸ್ತ್ರವೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಈ ಕ್ರೀಡೆ ಹುಟ್ಟಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ. ದಾರಿ ಹಾಳಾಗುತ್ತದೆಂದು ಸೈಕಲ್ಲುಗಳನ್ನು ಹೊರಗಿಡುವ ಮಾತು ಅಲ್ಲೇ ಶುರುವಾಯಿತು. ಅದಕ್ಕೆ ಉತ್ತರವಾಗಿ 1988ರಲ್ಲಿ ಸವಾರರದೇ ಅಂತರರಾಷ್ಟ್ರೀಯ ಸಂಘಟನೆಯೊಂದು ರೂಪುಗೊಂಡಿತು. ಅವರು ದಾರಿ ಮಾಡುವವರಿಗೆ ಹೇಳುವ ಸೂತ್ರ ಬಹಳ ಸರಳ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಗುಡ್ಡ 100 ಅಡಿಗೆ 16 ಅಡಿ ಇಳಿಯುತ್ತಿದ್ದರೆ ದಾರಿ 100 ಅಡಿಗೆ 8 ಅಡಿಗಿಂತ ಹೆಚ್ಚು ಏರಬಾರದು. ಗುಡ್ಡ ಎಷ್ಟೇ ಕಡಿದಾಗಿರಲಿ, ಒಟ್ಟು ದಾರಿಯ ಸರಾಸರಿ ಏರು 100 ಅಡಿಗೆ 10 ಅಡಿಯೊಳಗೆ ಇರಬೇಕು. ದಾರಿ ಹೊರಮಗ್ಗುಲಿಗೆ ತುಸು ವಾಲಿರಬೇಕು, ನಡುನಡುವೆ ಸಣ್ಣ ತಗ್ಗು ದಿಣ್ಣೆ ಬರಬೇಕು. ಹಾಗಿದ್ದರೆ ಮಳೆನೀರು ದಾರಿಯುದ್ದಕ್ಕೂ ಹರಿಯದೆ ಅಲ್ಲಲ್ಲೇ ಅಡ್ಡಕ್ಕೆ ಇಳಿದುಹೋಗುತ್ತದೆ.

ಲೋಡು ಹೊತ್ತ ಎತ್ತಿನ ಗಾಡಿಗೂ ಬೇಕಾಗಿದ್ದದ್ದು ಇಂಥದೇ ದಾರಿ. ಕಡಿದಾದ ಚಡಾವನ್ನು ಎತ್ತು ಹತ್ತುವುದಿಲ್ಲ, ಆದ್ದರಿಂದ ಬಂಡಿದಾರಿ ಗುಡ್ಡವನ್ನು ಬಳಸಿಕೊಂಡು ಹೋಯಿತು. ಅಡ್ಡದಾರಿಗಳ ಕಥೆ ಬೇರೆ. ಶಾಲೆಗೋ ಡೈರಿಗೋ ಬೇಗ ಮುಟ್ಟಲೆಂದು ನೇರ ಇಳಿಯುವ ಕಾಲುದಾರಿಗಳು ಒಂದು ಮಳೆಗಾಲದಲ್ಲೇ ಚರಂಡಿಗಳಾಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ತಪ್ಪು ದಾರಿ ಆರಿಸಿಕೊಂಡರೆ ಮಣ್ಣೆಲ್ಲ ಮಾಲತಿ ಹೊಳೆಯ ಪಾಲು. ಹಾಗಾಗಿ ಬಂಡಿದಾರಿಗೆ ಸೈಕಲ್, ಅಡ್ಡದಾರಿಗೆ ಬೇಡ ಎಂಬ ಒಂದೇ ನಿಯಮ ಅರ್ಧ ಕೆಲಸ ಮುಗಿಸುತ್ತದೆ. ಸೈಕಲ್ ಚಕ್ರ ಮಣ್ಣನ್ನು ಕಿತ್ತುಹಾಕುತ್ತದೆ ಎಂಬ ಭಯಕ್ಕೂ ಒಂದು ಉತ್ತರವಿದೆ. ಅಮೆರಿಕದ ಮೊಂಟಾನಾದ ಬೆಟ್ಟದ ದಾರಿಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಚ್ಚಿಹೋಗಲು ಸಿದ್ಧವಾಗುವಂತೆ ಮಣ್ಣನ್ನು ಹೆಚ್ಚು ಸಡಿಲಿಸಿದ್ದು ಚಕ್ರಗಳಲ್ಲ, ಕುದುರೆಯ ಗೊರಸು ಮತ್ತು ನಡೆಯುವವರ ಕಾಲು. ಮೊಂಟಾನಾದ ಮಳೆ ಆಗುಂಬೆಯ ಮಳೆಯಲ್ಲ, ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಗಳನ್ನು ಮುಚ್ಚಲೇಬೇಕು. ಒದ್ದೆ ಮಣ್ಣಿನಲ್ಲಿ ಬಿದ್ದ ಒಂದು ಗಾಲಿಗೆರೆ ಮರುದಿನದ ಮಳೆಗೆ ಕಾಲುವೆಯಾಗುತ್ತದೆ.

ದಾರಿ ಕೆಡುವುದು ಸೈಕಲ್ಲಿನಿಂದಲ್ಲ, ದಾರಿಯನ್ನು ‘ಅಭಿವೃದ್ಧಿ’ ಮಾಡುವುದರಿಂದ. ಅಗಲ ಮಾಡಲೆಂದು ಗುಡ್ಡದ ಬುಡವನ್ನು ನೆಟ್ಟಗೆ ಕೊಯ್ದರೆ ಏನಾಗುತ್ತದೆಂಬುದನ್ನು 2018ರ ಆಗಸ್ಟ್‌ನಲ್ಲಿ ಕೊಡಗು ಕಂಡಿತು. ಇಳಿಜಾರನ್ನು ಮನಬಂದಂತೆ ಕಡಿದದ್ದೂ ಆ ಕುಸಿತಗಳಿಗೆ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಕಾಂಕ್ರೀಟ್ ಸುರಿದರೆ ಮಳೆನೀರು ಇಂಗದೆ ಕೆಳಗಿನ ತೋಟಕ್ಕೆ ನುಗ್ಗುತ್ತದೆ, ಮೇಲಿಂದ ಜೀಪಿಗೂ ಆಹ್ವಾನ ಕೊಟ್ಟಂತಾಗುತ್ತದೆ.

ಮಳೆಗಾಲ ಬಿಟ್ಟು ಉಳಿದ ಎಂಟು ತಿಂಗಳೂ ಸವಾರಿಗೆ ಸಿಗುತ್ತದೆಯೇ? ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ತೊಡಕಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ, ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ತೀರ್ಥಹಳ್ಳಿ, ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಜನ ಇದನ್ನು ಪ್ರತಿ ಬೇಸಿಗೆಯೂ ಎದುರಿಸುತ್ತಾರೆ. ಮಂಗ ಸತ್ತ ಜಾಗದ ಸುತ್ತ ದಾರಿ ಮುಚ್ಚಬೇಕು, ಕಾಡಂಚಿಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು, ದರಕಿನ ಮೇಲೆ ಕೂರಬಾರದು. ಇದನ್ನು ಹೇಳುವವರು ಆಶಾ ಕಾರ್ಯಕರ್ತೆಯರೇ ಹೊರತು ಪ್ರವಾಸಿ ಕಂಪನಿಯ ಆ್ಯಪ್ ಅಲ್ಲ. ಹಾಗೆ ನೋಡಿದರೆ ಮಣ್ಣಿನಲ್ಲಿ ಹದವಿರುವ, ಉಣುಗು ಇನ್ನೂ ಏಳದ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗಿನ ಕಾಲವೇ ಸವಾರಿಗೆ ಚಿನ್ನದಂಥದು. ಹನ್ನೆರಡು ತಿಂಗಳೂ ಜನ ಬರಬೇಕೆಂದು ಲೆಕ್ಕ ಹಾಕುವ ಯಾವ ಯೋಜನೆಯೂ ಇಲ್ಲಿ ಸೋಲುತ್ತದೆ, ಸೋಲಬೇಕು.

ಹಕ್ಕಿನ ಪ್ರಶ್ನೆ ಇದಕ್ಕಿಂತ ಜಟಿಲ. ಸ್ಕಾಟ್ಲೆಂಡಿನ ಟ್ವೀಡ್ ನದಿಯ ಕಣಿವೆ ಇಂದು ಮೌಂಟನ್ ಬೈಕಿಗೆ ಹೆಸರುವಾಸಿ. 2023ರ ವಿಶ್ವ ಚಾಂಪಿಯನ್‌ಷಿಪ್ಪಿನ ಸ್ಪರ್ಧೆಗಳು ಅಲ್ಲಿಯ ಗ್ಲೆಂಟ್ರೆಸ್ ಕಾಡಿನಲ್ಲಿ ನಡೆದವು. ಅದರ ಹಿಂದೆ ಆ ದೇಶದ 2003ರ ಭೂ ಸುಧಾರಣಾ ಕಾಯ್ದೆ ಇದೆ. ಬೆಳೆ ತುಳಿಯದೆ, ಗೇಟು ತೆರೆದಿಟ್ಟು ಹೋಗದೆ, ಜವಾಬ್ದಾರಿಯಿಂದ ನಡೆಯುವವನಿಗೂ ಸೈಕಲ್ ತುಳಿಯುವವನಿಗೂ ಬಹುಪಾಲು ಭೂಮಿಯಲ್ಲಿ ಹಾದುಹೋಗುವ ಹಕ್ಕನ್ನು ಅದು ಕೊಟ್ಟಿತು. ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಆದರೆ ಕಂದಾಯ ಇಲಾಖೆಯ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗೆರೆಗಳಿವೆ. ರೂಢಿಯಿಂದ ಬಂದ ದಾರಿಯ ಹಕ್ಕನ್ನು 1882ರ ಅನುಭೋಗ ಹಕ್ಕುಗಳ ಕಾಯ್ದೆಯೂ ಮಾನ್ಯ ಮಾಡುತ್ತದೆ. ಮೊದಲ ಕೆಲಸ ಈ ಗೆರೆಗಳು ನೆಲದ ಮೇಲೆ ಉಳಿದಿವೆಯೇ ಎಂದು ನೋಡುವುದು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಮಾತ್ರ ಈ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆಯ ಗೆರೆಯನ್ನು ಸೈಕಲ್ಲಿಗಾಗಿ ಸಡಿಲಿಸಿದರೆ ಅದರ ಹಿಂದೆಯೇ ಸಫಾರಿ ಜೀಪು, ರೆಸಾರ್ಟು ನಿಂತಿರುತ್ತವೆ.

ತೋಟದವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಅಪರಿಚಿತರು ಬಂದರೆ ಅಡಿಕೆ, ಮೆಣಸಿನ ಕಳವಿನ ಭಯ. ದಣಪೆ ತೆರೆದಿಟ್ಟು ಹೋದರೆ ದನ ಒಳಗೆ. ಸೈಕಲ್ ಎಂದು ಶುರುವಾಗಿ ಮುಂದಿನ ವರ್ಷ ಸದ್ದು ಮಾಡುವ ಡರ್ಟ್ ಬೈಕುಗಳು. ಕೊನೆಯದೇ ನಿಜವಾದ ಅಪಾಯ. ಸೈಕಲ್ ಎತ್ತಿ ದಾಟಿಸಬಹುದಾದ, ಮೋಟಾರು ಬೈಕು ನುಗ್ಗಲಾಗದ ದಣಪೆಯನ್ನು ಅಲ್ಲಲ್ಲಿ ಇಟ್ಟರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ದಾರಿ ಯಾರ ತೋಟದೊಳಗೆ ಹೋಗುತ್ತದೋ ಅವರ ಒಪ್ಪಿಗೆ ಬರಹದಲ್ಲಿರಲಿ, ಬೇಡವೆಂದರೆ ದಾರಿ ಸುತ್ತಿಕೊಂಡು ಹೋಗಲಿ.

ಹಣ ಖರ್ಚಾಗಬೇಕಾದ ಜಾಗ ಒಂದಿದೆ, ಅದು ಹಳ್ಳ ದಾಟುವ ಜಾಗ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ಕಡೆ ಕಟ್ಟಿಸಿದರು. 2017ರಲ್ಲಿ ಪದ್ಮಶ್ರೀ ಬಂತು. ನಡೆಯುವವನಿಗೆ ಸಾಕಾಗುವಷ್ಟು ಅಗಲ, ಕಾರಿಗೆ ಸಾಲದಷ್ಟು ಕಿರಿದು: ಸೈಕಲ್ ದಾರಿಗೆ ಇದಕ್ಕಿಂತ ಒಳ್ಳೆಯ ಸೇತುವೆ ಯಾವುದು? ಇನ್ನೊಂದೆಡೆ, 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಕಾಲುಸಂಕ ದಾಟುತ್ತಿದ್ದ ಶಾಲಾ ಬಾಲಕಿಯೊಬ್ಬಳು ನೀರುಪಾಲಾದಳು. ಅಡಿಕೆ ಮರದ ಸಂಕದ ಜಾಗಕ್ಕೆ ಗಟ್ಟಿ ಕಾಲುಸೇತುವೆ ಬಂದರೆ, ಸವಾರರು ಎರಡು ತಿಂಗಳು ಬಳಸಿದ್ದನ್ನು ಊರಿನ ಮಕ್ಕಳು ವರ್ಷವಿಡೀ ಬಳಸುತ್ತಾರೆ. ಪಂಚಾಯಿತಿ ಸವಾರರಿಂದ ಪಡೆಯುವ ಸಣ್ಣ ಶುಲ್ಕವನ್ನು ಇದಕ್ಕೇ ಮೀಸಲಿಡಬೇಕು. ವೀಕ್ಷಣಾ ಗೋಪುರಕ್ಕಲ್ಲ.

ಸವಾರರು ಬೆಂಗಳೂರಿನವರಷ್ಟೇ ಆಗಬಾರದೆಂಬುದೂ ಮುಖ್ಯ. ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಗೇರ್ ಇಲ್ಲದ ಆ ಸೈಕಲ್ಲನ್ನು ಮಲೆನಾಡಿನ ಮಕ್ಕಳು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚಿರಬಹುದು. ಬಯಲುಸೀಮೆಯ ವಿಜಯಪುರ, ಬಾಗಲಕೋಟೆಗಳು ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಕೊಟ್ಟಿವೆ. ಏರಿನಲ್ಲೇ ಆಡಿ ಬೆಳೆದ ಮಲೆನಾಡಿನ ಮಕ್ಕಳಿಗೆ ಗೇರ್ ಇರುವ ಸೈಕಲ್ಲನ್ನು ಶಾಲೆಗೆ ಹತ್ತರಂತೆ ಕೊಟ್ಟು ನೋಡಬೇಕು. ದಾರಿ ತೋರಿಸುವವರು, ಪಂಕ್ಚರ್ ಹಾಕುವವರು, ಮುಂದೊಂದು ದಿನ ಸ್ಪರ್ಧೆಗೆ ನಿಲ್ಲುವವರು ಅವರಲ್ಲೇ ಸಿಗುತ್ತಾರೆ.

ತುಂಗೆಯ ತಪ್ಪಲಿನ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮೂರಿನ ಗ್ರಾಮನಕ್ಷೆಯ ಒಂದು ಪ್ರತಿ ತೆಗೆದುಕೊಂಡು ಹೋಗಿ. ಅದರಲ್ಲಿರುವ ಬಂಡಿದಾರಿಗಳಲ್ಲಿ ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ, ಯಾವ ಹಳ್ಳಕ್ಕೆ ಸಂಕವಿಲ್ಲ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.